ತುಂಡಾದ ಬೆರಳು, ಸಡಿಲಾದ ತಂತಿ

ಹೆವಿ ಮೆಟಲ್ ಅಂದ್ರೆ ಬರೀ ಗದ್ದಲ ಅನ್ನೋರು ಬಹಳ ಜನ ಇದ್ದಾರೆ. ಅವರಿಗೆ ಇವತ್ತು ಒಂದು ಕಾರ್ಖಾನೆಯ ಕಥೆ ಹೇಳ್ತೀನಿ, ಕೇಳಿ.

ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಟೋನಿ ಐಯೊಮಿ ಅನ್ನೋ 17ರ ಹುಡುಗನಿಗೆ ತಗಡಿನ ಕಾರ್ಖಾನೆಯಲ್ಲಿ ಅದು ಕೊನೆಯ ದಿನದ ಕೆಲಸ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯ್ತು. ಹುಡುಗ ಎಡಚ. ಅಂದ್ರೆ ಗಿಟಾರಿನ ತಂತಿ ಒತ್ತಬೇಕಾದ ಕೈಯೇ ಅದು!

ಎಲ್ಲ ಮುಗೀತು ಅಂತ ಕೂತವನಿಗೆ ಕಾರ್ಖಾನೆಯ ಮ್ಯಾನೇಜರ್ ಒಂದು ರೆಕಾರ್ಡ್ ಕೇಳಿಸಿದರು. ನುಡಿಸಿದ್ದವರು ಜಾಂಗೋ ರೈನ್‌ಹಾರ್ಟ್. ಬೆಂಕಿ ಅವಘಡದಲ್ಲಿ ಎರಡು ಬೆರಳಿನ ಸ್ವಾಧೀನ ಕಳೆದುಕೊಂಡೂ ಜಾಜ್ ಲೋಕದಲ್ಲಿ ಹೆಸರಾದವರು. ಐಯೊಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ, ತೆಳು ತಂತಿ ಕಟ್ಟಿದ. 1968ರಲ್ಲಿ ಆಜಿ ಆಸ್ಬರ್ನ್, ಗೀಜರ್ ಬಟ್ಲರ್, ಬಿಲ್ ವಾರ್ಡ್ ಜೊತೆಗೂಡಿದರು. ಅದೇ ಬ್ಲ್ಯಾಕ್ ಸಬ್ಬತ್.

1971ರ ಮೂರನೇ ಆಲ್ಬಂನ ಕೆಲವು ಹಾಡುಗಳಿಗೆ ಶ್ರುತಿಯನ್ನು ಮೂರು ಅರ್ಧಸ್ವರ ಇಳಿಸಿದರು. ನಾನು ಓದಿದ್ದು ಇಂಜಿನಿಯರಿಂಗ್, ಲೆಕ್ಕ ಬಿಡೋಕಾಗಲ್ಲ. ಅಷ್ಟು ಇಳಿಸಿದರೆ ತಂತಿಯ ಬಿಗಿ ಸುಮಾರು 30% ಕಡಿಮೆಯಾಗುತ್ತೆ. ಬೆರಳಿಗೆ ಸುಲಭ, ನಾದವೋ ಇನ್ನಷ್ಟು ಗಾಢ, ಭಾರ. ಮುಂದೆ ಎಷ್ಟೋ ಮೆಟಲ್ ತಂಡಗಳು ಹಿಡಿದದ್ದು ಇದೇ ದಾರಿ.

ಮೊದಲ ಆಲ್ಬಂ ಒಂದೇ ದಿನದಲ್ಲಿ ಧ್ವನಿಮುದ್ರಣವಾಗಿ 1970ರ ಫೆಬ್ರವರಿ 13ಕ್ಕೆ ಬಂತು. ವಿಮರ್ಶಕರು ಮೂಗು ಮುರಿದರು. ಜನ ಕೊಂಡರು. ಅದೇ ವರ್ಷದ 'ಪ್ಯಾರನಾಯ್ಡ್' ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೇರಿತು. ಅದರ 'ವಾರ್ ಪಿಗ್ಸ್', ಬಡವರ ಮಕ್ಕಳನ್ನು ಯುದ್ಧಕ್ಕೆ ದೂಡುವ ದೊರೆಗಳ ವಿರುದ್ಧದ ಹಾಡು. ಗದ್ದಲವಂತೆ, ಗದ್ದಲ!

1979ರಲ್ಲಿ ಕುಡಿತ, ಮಾದಕ ವ್ಯಸನದ ನಡುವೆ ಆಜಿ ಹೊರಬಿದ್ದರು. ರಾನಿ ಜೇಮ್ಸ್ ಡಿಯೊ ಬಂದರು. ಆಮೇಲೆ ಎಷ್ಟೋ ಮಂದಿ ಬಂದರು, ಹೋದರು. ಉದ್ದಕ್ಕೂ ಉಳಿದವರು ಐಯೊಮಿ ಒಬ್ಬರೇ. ಆಜಿ ಮರಳಿದ ಮೇಲೆ, 2013ರ '13' ಆಲ್ಬಂ ಬ್ರಿಟನ್, ಅಮೆರಿಕ ಎರಡರಲ್ಲೂ ನಂಬರ್ ಒನ್. 2006ರಲ್ಲಿ ಇವರನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಬರಮಾಡಿಕೊಂಡವರು ಯಾರು ಗೊತ್ತಾ? ಮೆಟಾಲಿಕಾ ತಂಡದವರು.

ಆದ್ರೆ ಒಂದು ಮಾತು. 'ಅಪಘಾತವೇ ವರವಾಯ್ತು' ಅಂತ ದಯವಿಟ್ಟು ಹೇಳಬೇಡಿ. ಯಂತ್ರ ಕಿತ್ತುಕೊಂಡಿತು, ಅಷ್ಟೇ. ಕೊಟ್ಟದ್ದು ಹುಡುಗನ ಹಟ, ಮತ್ತೆ ಒಂದು ರೆಕಾರ್ಡ್ ಹಿಡಿದು ಬಂದ ಆ ಮ್ಯಾನೇಜರ್. ಬೆರಳು ಕಳೆದುಕೊಂಡ ಎಷ್ಟು ಕಾರ್ಮಿಕರ ಮನೆಗೆ ಅಂಥವರು ಹೋಗ್ತಾರೆ, ಹೇಳಿ?

2025ರ ಜುಲೈ 5ರಂದು ತಾವು ಬೆಳೆದ ಆಸ್ಟನ್‌ನಲ್ಲೇ, ವಿಲ್ಲಾ ಪಾರ್ಕ್ ಮೈದಾನದಲ್ಲಿ ನಾಲ್ವರೂ ಕೊನೆಯ ಸಲ ಸೇರಿದರು. ಆಜಿ ಕೂತೇ ಹಾಡಿದರು. 17 ದಿನಗಳ ನಂತರ ತೀರಿಕೊಂಡರು.