ಪ್ರೊನೋಟು: ಮೃತರ ಆಸ್ತಿಯಲ್ಲಿ ಮೌಲ್ಯನಿರ್ಣಯ

ಸಾಲ ಕೊಟ್ಟವರು ತೀರಿಕೊಂಡಾಗ ಅವರ ಬಳಿಯಿದ್ದ ಪ್ರೊನೋಟಿಗೆ ಎಷ್ಟು ಬೆಲೆ ಕಟ್ಟಬೇಕೆಂಬ ಪ್ರಶ್ನೆ ಏಳುತ್ತದೆ. ತಿ. ನರಸೀಪುರ, ನಂಜನಗೂಡಿನಂಥ ಭತ್ತ, ಕಬ್ಬಿನ ಸೀಮೆಯಲ್ಲಿ ಕೈಸಾಲಕ್ಕೆ ಪ್ರೊನೋಟು ಹಳೆಯ ಆಧಾರ: ರೆವಿನ್ಯೂ ಸ್ಟಾಂಪಿನ ಮೇಲೆ ಸಾಲಗಾರನ ರುಜು, ಕೆಳಗೆ ಸಾಕ್ಷಿಗಳು ಮತ್ತು ಬಿಕ್ಕಲಂ, ಅಂದರೆ ಪತ್ರ ಬರೆದವನ ಹೆಸರು.

ಮೃತರ ಆಸ್ತಿಗೆ ತೆರಿಗೆ ಹಾಕುತ್ತಿದ್ದ 1953ರ ಎಸ್ಟೇಟ್ ಸುಂಕ ಕಾಯ್ದೆಯ 36ನೇ ಕಲಮಿನಂತೆ, ಮರಣದ ದಿನ ಮುಕ್ತ ಮಾರುಕಟ್ಟೆಯಲ್ಲಿ ಮಾರಿದ್ದರೆ ಬರುತ್ತಿದ್ದ ಬೆಲೆಯೇ ಸ್ವತ್ತಿನ ಮೌಲ್ಯವಾಗಿತ್ತು. ಹಾಗಾಗಿ ಪತ್ರದ ಮೇಲಿನ ಮೊತ್ತವೇ ಅಂತಿಮವಲ್ಲ. ಸಾಲಗಾರನ ಶಕ್ತಿ, ಬಡ್ಡಿದರ, ಅಡಮಾನ ಎಲ್ಲವೂ ಲೆಕ್ಕಕ್ಕೆ ಬರಬೇಕು, ಅದೇ ನ್ಯಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ವಾಯಿದೆ, ಅಂದರೆ ದಾವೆ ಹೂಡುವ ಕಾಲಮಿತಿ. ಕೇಳಿದಾಗ ಕೊಡುವ ಪ್ರೊನೋಟಿಗೆ ಬರೆದ ದಿನದಿಂದ 3 ವರ್ಷ. ಒಂದು ಲಕ್ಷದ ಪತ್ರವಾದರೂ ಅವಧಿ ಮೀರಿದರೆ ದಾವೆಗೆ ನಿಲ್ಲದು. ಅವಧಿಯೊಳಗೆ ಸಾಲಗಾರ ಸ್ವಲ್ಪ ಹಣ ಕಟ್ಟಿ ಹಿಂಬದಿಯಲ್ಲಿ ಷರಾ ಬರೆದು ರುಜು ಹಾಕಿದ್ದರೆ ಅಂದಿನಿಂದ ಹೊಸ ಲೆಕ್ಕ. ಹಿಂಬದಿಯ ಆ ಎರಡು ಸಾಲುಗಳೇ ಪತ್ರದ ಜೀವ. ವಾಯಿದೆಯಲ್ಲದೆ ಕಾನೂನೂ ಪತ್ರದ ಬೆಲೆ ಅಳಿಸಬಹುದು: 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಭೂಹೀನ ಕೂಲಿಕಾರರ ಸಾಲಗಳನ್ನೇ ರದ್ದುಮಾಡಿತು. ಅಂಥ ಸಾಲಗಳ ಪತ್ರಗಳಿಗೆ ಬೆಲೆಯೇ ಉಳಿಯಲಿಲ್ಲ.

1985ರ ಮಾರ್ಚ್ 16ರಿಂದೀಚಿನ ಮರಣಗಳಿಗೆ ಎಸ್ಟೇಟ್ ಸುಂಕವಿಲ್ಲ. ಆದರೆ ಪ್ರಶ್ನೆ ಅಳಿದಿಲ್ಲ: ಆಸ್ತಿ ವಿಭಾಗದಲ್ಲಿ, ಉತ್ತರಾಧಿಕಾರ ಪ್ರಮಾಣಪತ್ರದ ಅರ್ಜಿಯಲ್ಲಿ ಅದು ಮತ್ತೆ ಏಳುತ್ತದೆ. ಮರಣದಿಂದ ವಾಯಿದೆ ನಿಲ್ಲುವುದಿಲ್ಲ. ವಾರಸುದಾರರು ಮೊದಲು ಪತ್ರದ ತಾರೀಖು ನೋಡಬೇಕು.