ಲಿಂಕರ್ ಆಯ್ಕೆಗಳು

ಲಿಂಕರ್ ಆಯ್ಕೆಗಳು: ಕಂಪೈಲರ್ ಸಿದ್ಧಪಡಿಸಿದ ಆಬ್ಜೆಕ್ಟ್ ಫೈಲುಗಳನ್ನು ಲೈಬ್ರರಿಗಳೊಂದಿಗೆ ಬೆಸೆದು, ನೇರವಾಗಿ ಓಡಿಸಬಲ್ಲ ಪ್ರೋಗ್ರಾಂ ಮಾಡಿಕೊಡುವ ಲಿಂಕರ್‌ಗೆ ಕಮಾಂಡ್ ಲೈನಿನಲ್ಲಿ ಕೊಡುವ ಸೂಚನೆಗಳು. ಯಾವ ಲೈಬ್ರರಿ ಬೇಕು, ಅದನ್ನು ಎಲ್ಲಿ ಹುಡುಕಬೇಕು, ಸಿದ್ಧವಾದ ಫೈಲಿಗೆ ಏನು ಹೆಸರಿಡಬೇಕು ಎಂಬುದೆಲ್ಲ ಇವುಗಳಿಂದ ತೀರ್ಮಾನವಾಗುತ್ತದೆ.

ಟೇಪಿನಲ್ಲಿಟ್ಟ ಉಪಪ್ರೋಗ್ರಾಂಗಳನ್ನು ಆರಿಸಿ ಜೋಡಿಸುವಾಗ ಅವುಗಳೊಳಗಿನ ವಿಳಾಸಗಳನ್ನು ತಿದ್ದಬೇಕಾಗುತ್ತದೆಂದು ಕಂಪ್ಯೂಟರ್ ತಜ್ಞ ಜಾನ್ ಮಾಕ್ಲಿ 1947ರಲ್ಲೇ ಬರೆದಿದ್ದರು. ಇಂದಿನ ಲಿಂಕರ್ ಮಾಡುವ ಮೂಲ ಕೆಲಸವೂ ಇದೇ. 1960ರ ದಶಕದ ಐಬಿಎಂ 360 ಯಂತ್ರಗಳಲ್ಲಿ ಆಯ್ಕೆಗಳು ಪಂಚ್ ಕಾರ್ಡಿನ ಮೇಲೆ ಬರುತ್ತಿದ್ದವು. ‘ಮ್ಯಾಪ್’ ಎಂದರೆ ಜೋಡಣೆಯ ನಕ್ಷೆ ಮುದ್ರಿಸು, ‘ಲೆಟ್’ ಎಂದರೆ ತಪ್ಪು ಕಂಡರೂ ಪ್ರೋಗ್ರಾಂ ಓಡಲು ಬಿಡು. ಇಂದು ಕಾಣುವ ಚುಟುಕು ರೂಪ ಯೂನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯದು. 1971ರ ನವೆಂಬರಿನಲ್ಲಿ ಬಂದ ಅದರ ಮೊದಲ ಕೈಪಿಡಿಯಲ್ಲೇ ‘ಎಲ್‌ಡಿ’ ಎಂಬ ಲಿಂಕರ್ ಇದೆ. ಲೈಬ್ರರಿ ಕರೆಯಲು ‘-ಎಲ್’, ಸಂಕೇತಪಟ್ಟಿ ಕಿತ್ತುಹಾಕಲು ‘-ಎಸ್’ ಎಂಬಂಥ ಒಂದಕ್ಷರದ ಆಯ್ಕೆಗಳು ಅದರೊಂದಿಗೆ ಬೆಳೆದವು.

ಈ ಲಿಂಕರ್‌ನ ಒಂದು ಗುಣ ಇಂದಿಗೂ ಉಳಿದಿದೆ, ಅದನ್ನು ತಿಳಿಯದೆ ಉಳಿದದ್ದು ಅರ್ಥವಾಗದು. ಕಮಾಂಡಿನ ಸಾಲನ್ನು ಅದು ಎಡದಿಂದ ಬಲಕ್ಕೆ ಓದುತ್ತದೆ. ಲೈಬ್ರರಿ ಎದುರಾದಾಗ, ಅಲ್ಲಿಯವರೆಗಿನ ಫೈಲುಗಳು ಕೇಳಿಯೂ ಸಿಗದೆ ಉಳಿದ ಫಂಕ್ಷನ್‌ಗಳನ್ನಷ್ಟೇ ಅದರಿಂದ ತೆಗೆದುಕೊಂಡು ಮುಂದೆ ಹೋಗುತ್ತದೆ. ಹಿಂದಿರುಗಿ ನೋಡುವುದಿಲ್ಲ. ಆದ್ದರಿಂದ ಕೇಳುವ ಫೈಲು ಮೊದಲು, ಕೊಡುವ ಲೈಬ್ರರಿ ಆಮೇಲೆ.

ಕರ್ನಾಟಕದ ಬಹುತೇಕ ವಿದ್ಯಾರ್ಥಿಗಳಿಗೆ ಲಿಂಕರ್ ಪರಿಚಯವಾದದ್ದು ಕಾಲೇಜಿನ ಲ್ಯಾಬಿನಲ್ಲಿ. 1987ರಲ್ಲಿ ಬಂದ ಟರ್ಬೊ ಸಿ ಕಂಪೈಲರಿನ ನೀಲಿ ಪರದೆಯಲ್ಲಿ ಆಯ್ಕೆಗಳು ಮೆನುವಿನೊಳಗಿದ್ದವು. ಗ್ರಾಫಿಕ್ಸ್ ಲೈಬ್ರರಿಗೆ ಗುರುತು ಹಾಕದಿದ್ದರೆ ‘ಇನಿಟ್‌ಗ್ರಾಫ್’ ಫಂಕ್ಷನ್ ಸಿಗಲಿಲ್ಲವೆಂಬ ಲಿಂಕರ್ ದೋಷ ಬರುತ್ತಿತ್ತು. ಎಕಂಬಾದಂಥ, ಬೀದರ್ ಜಿಲ್ಲೆಯ ಔರಾದ್ ಸೀಮೆಯ ಹಳ್ಳಿಗಳಿಂದ ಇಂಜಿನಿಯರಿಂಗ್ ಓದಲು ಹೊರಟವರಿಗೆ ಜಿಲ್ಲೆಯಲ್ಲೇ ಬೀದರಿನ ಗುರುನಾನಕ್ ದೇವ್ ಕಾಲೇಜು ಮತ್ತು ಭಾಲ್ಕಿಯ ರೂರಲ್ ಇಂಜಿನಿಯರಿಂಗ್ ಕಾಲೇಜು ಇದ್ದವು.  1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಪಠ್ಯಕ್ರಮ ರಾಜ್ಯದ ಬಹುತೇಕ ಇಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಆಯಿತು. ಲಿಂಕರ್‌ನ ಸಿದ್ಧಾಂತವನ್ನು ಲೆಲೆಂಡ್ ಬೆಕ್ ಅವರ ಪುಸ್ತಕದ ಕಾಲ್ಪನಿಕ ಯಂತ್ರದ ಮೇಲೆ ಕಲಿಯಬೇಕಿತ್ತು. ಲ್ಯಾಬಿನಲ್ಲಿ ಲೆಕ್ಸ್ ಪ್ರೋಗ್ರಾಮಿಗೆ ‘-ಎಲ್‌ಎಲ್’, ಓಪನ್‌ಜಿಎಲ್‌ಗೆ ‘-ಎಲ್‌ಗ್ಲಟ್’ ಎಂದು ಟೈಪ್ ಮಾಡಬೇಕಿತ್ತು. ಆ ಸಿದ್ಧಾಂತವೂ ಲ್ಯಾಬಿನ ಈ ಆಯ್ಕೆಗಳೂ ಒಂದೇ ವಿಷಯವೆಂದು ಪಠ್ಯ ಎಲ್ಲಾದರೂ ಬಿಡಿಸಿ ಹೇಳಿದ್ದರೆ ಬಾಯಿಪಾಠದ ಹೊರೆ ಎಷ್ಟೋ ಇಳಿಯುತ್ತಿತ್ತು.

ಹಲವು ಪ್ರೋಗ್ರಾಂಗಳು ಒಂದೇ ಪ್ರತಿಯನ್ನು ಹಂಚಿಕೊಳ್ಳುವ ಲೈಬ್ರರಿಗಳು 1988ರ ಸನ್‌ಓಎಸ್ 4ರಿಂದ ಯೂನಿಕ್ಸ್ ಲೋಕದಲ್ಲಿ ಬೇರೂರಿದವು. ಇವುಗಳ ವಿಷಯದಲ್ಲಿ ಲಿಂಕರ್ ಕ್ರಮದ ಬಗ್ಗೆ ಸಡಿಲವಾಗಿತ್ತು. ಲೈಬ್ರರಿಯನ್ನು ಮೊದಲೇ ಬರೆದರೂ ಕೆಲಸ ನಡೆಯುತ್ತಿತ್ತು. 2011ರ ಉಬುಂಟು 11.10ರಲ್ಲಿ ‘ಆ್ಯಸ್-ನೀಡೆಡ್’ ಆಯ್ಕೆ ತಾನಾಗಿಯೇ ಜಾರಿಯಲ್ಲಿರುವಂತೆ ಮಾಡಿದಾಗ, ಸಾಲಿನಲ್ಲಿ ಅಲ್ಲಿಯವರೆಗೆ ಬಂದ ಯಾವ ಫೈಲೂ ಕೇಳಿರದ ಲೈಬ್ರರಿಯನ್ನು ಲಿಂಕರ್ ಕೈಬಿಡತೊಡಗಿತು. ಲೈಬ್ರರಿ ಮುಂದೆ, ಫೈಲು ಹಿಂದೆ ಎಂದು ಬರೆದಿಟ್ಟ ಹಳೆಯ ಕಮಾಂಡುಗಳು ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ದೋಷ ತೋರಿಸಿ ನಿಂತವು. ಪ್ರೋಗ್ರಾಮಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಲೈಬ್ರರಿಯ ಹೆಸರನ್ನು ಸಾಲಿನ ಕೊನೆಗೆ ಸರಿಸಿದರೆ ಸಾಕಿತ್ತು. ಹೀಗೆ ಹಂಚಿಕೊಳ್ಳದೆ ಪ್ರೋಗ್ರಾಮಿನೊಳಗೇ ಸೇರಿಹೋಗುವ ಎರಡು ಸ್ಟ್ಯಾಟಿಕ್ ಲೈಬ್ರರಿಗಳು ಒಂದನ್ನೊಂದು ಅವಲಂಬಿಸಿದ್ದರೆ ಮಾತ್ರ ಅಷ್ಟು ಸಾಲದು. ಆಗ ಅವನ್ನು ‘ಸ್ಟಾರ್ಟ್-ಗ್ರೂಪ್’, ‘ಎಂಡ್-ಗ್ರೂಪ್’ ಆಯ್ಕೆಗಳ ನಡುವೆ ಇಟ್ಟರೆ, ಹೊಸದಾಗಿ ಏನೂ ಸಿಗದಾಗುವವರೆಗೆ ಲಿಂಕರ್ ಅವನ್ನು ಮತ್ತೆ ಮತ್ತೆ ಹುಡುಕುತ್ತದೆ.