ಅಬಿಡ್ಸ್‌ನಿಂದ ಬೈಕನೂರಿಗೆ



ನಮ್ಮ ಹೈದರಾಬಾದಿನ ಅಬಿಡ್ಸ್ ಕಡೆ ಹೋದಾಗ ಸೇಂಟ್ ಜಾರ್ಜ್ಸ್ ಗ್ರಾಮರ್ ಸ್ಕೂಲಿನ ಹಳೆಯ ಕಟ್ಟಡವನ್ನು ನೀವು ನೋಡಿರಬಹುದು. ಆ ಶಾಲೆಯಲ್ಲಿ ಓದಿದ ಒಬ್ಬ ಹುಡುಗ ಮುಂದೆ ಭಾರತದ ಮೊಟ್ಟಮೊದಲ ಗಗನಯಾತ್ರಿಯಾದರು. ಅವರೇ ರಾಕೇಶ್ ಶರ್ಮಾ. 1984ರ ಏಪ್ರಿಲ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು, ಮೇಲಿನಿಂದ ಭಾರತ ಹೇಗೆ ಕಾಣಿಸುತ್ತದೆ ಎಂದು ಕೇಳಿದಾಗ ಅವರು ಕವಿ ಇಕ್ಬಾಲರ ಮಾತಿನಲ್ಲೇ ಉತ್ತರಿಸಿದ್ದನ್ನು ದೇಶವೇ ಕೇಳಿತು. ಆ ಒಂದು ಉತ್ತರ ನಮ್ಮೆಲ್ಲರಿಗೂ ನೆನಪಿದೆ. ಅದರ ಹಿಂದಿದ್ದ ಅಪಾಯ, ದುಡಿಮೆ, ಜೊತೆಗಾರರು ಮಾತ್ರ ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ಶರ್ಮಾ ಹುಟ್ಟಿದ್ದು 1949ರ ಜನವರಿ 13ರಂದು, ಪಂಜಾಬಿನ ಪಟಿಯಾಲದಲ್ಲಿ. ಬೆಳೆದದ್ದು ಹೈದರಾಬಾದಿನಲ್ಲಿ. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಭೂಮಿಯನ್ನು ಒಂದು ಸುತ್ತು ಹಾಕಿ ಬಂದಾಗ ಇವರಿನ್ನೂ 12 ವರ್ಷದ ಬಾಲಕ. ಭಾರತದಲ್ಲಿ ಆಗ ರಾಕೆಟ್ ಹಾರಿಸುವ ಜಾಗವೇ ಇರಲಿಲ್ಲ. ತುಂಬಾದಿಂದ ಮೊದಲ ಪುಟ್ಟ ರಾಕೆಟ್ ಏರಿದ್ದು 1963ರ ನವೆಂಬರ್‌ನಲ್ಲಿ. ಶಾಲೆಯ ನಂತರ ನಿಜಾಮ್ ಕಾಲೇಜು, 1966ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, 1970ರಲ್ಲಿ ವಾಯುಪಡೆ. ಮರುವರ್ಷವೇ ಯುದ್ಧ. 22ರ ಹರೆಯದ ಶರ್ಮಾ ಮಿಗ್-21 ವಿಮಾನದಲ್ಲಿ 21 ಬಾರಿ ಹಾರಾಟ ನಡೆಸಿದರು.

ಸೋವಿಯತ್ ಒಕ್ಕೂಟ ತನ್ನ ಮಿತ್ರ ದೇಶಗಳ ಪೈಲಟ್‌ಗಳನ್ನು ಅಂತರಿಕ್ಷಕ್ಕೆ ಕರೆದೊಯ್ಯುತ್ತಿದ್ದ ಕಾಲವದು. ಭಾರತಕ್ಕೂ ಒಂದು ಸೀಟು ಸಿಕ್ಕಿತು. ಆಯ್ಕೆಯ ಪರೀಕ್ಷೆಗಳಿಗಾಗಿ ಶರ್ಮಾ ನಮ್ಮ ಬೆಂಗಳೂರಿಗೆ ಬಂದರು. ಇಕ್ಕಟ್ಟಾದ ಜಾಗದಲ್ಲಿ ಮನಸ್ಸು ಹೆದರುತ್ತದೆಯೇ ಎಂದು ತಿಳಿಯಲು ಅವರನ್ನು ವಾಯುಪಡೆಯ ಒಂದು ಕೋಣೆಯಲ್ಲಿ, ಬರೀ ಕೃತಕ ಬೆಳಕಿನಲ್ಲಿ, 72 ಗಂಟೆ ಕೂಡಿಹಾಕಲಾಗಿತ್ತಂತೆ! 1982ರ ಸೆಪ್ಟೆಂಬರ್‌ನಲ್ಲಿ ಎರಡು ಹೆಸರು ಅಂತಿಮವಾದವು: ರಾಕೇಶ್ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ. ಇಬ್ಬರೂ ಮಾಸ್ಕೋ ಬಳಿಯ ಸ್ಟಾರ್ ಸಿಟಿಗೆ ಹೋಗಿ ರಷ್ಯನ್ ಭಾಷೆ ಕಲಿತು, ಒಂದೇ ತರಬೇತಿ ಪಡೆದರು. ಹಾರುವವರು ಮಾತ್ರ ಒಬ್ಬರೇ.

ತರಬೇತಿ ನಡೆಯುತ್ತಿರುವಾಗಲೇ, 1983ರ ಸೆಪ್ಟೆಂಬರ್ 26ರ ರಾತ್ರಿ ಬೈಕನೂರಿನಲ್ಲಿ ಅನಾಹುತವೊಂದು ಸಂಭವಿಸಿತು. ಹಾರಲು ಸಿದ್ಧವಾಗಿ ನಿಂತಿದ್ದ ರಾಕೆಟ್ಟಿನ ಬುಡಕ್ಕೆ ಬೆಂಕಿ ಹತ್ತಿಕೊಂಡಿತು. ತುದಿಯಲ್ಲಿದ್ದ ಪುಟ್ಟ ರಕ್ಷಣಾ ರಾಕೆಟ್ ಯಾತ್ರಿಗಳ ಕೋಶವನ್ನು ಕಿತ್ತು ದೂರ ಒಯ್ದ ಕೆಲವೇ ಕ್ಷಣಗಳಲ್ಲಿ ದೊಡ್ಡ ರಾಕೆಟ್ ಸಿಡಿಯಿತು. ಒಳಗಿದ್ದ ವ್ಲಾದಿಮಿರ್ ತಿತೋವ್ ಮತ್ತು ಗೆನ್ನಾಡಿ ಸ್ಟ್ರೆಕಾಲೋವ್ ಬದುಕುಳಿದರು. ಶರ್ಮಾರ ತಂಡದಲ್ಲಿ ಎಂಜಿನಿಯರ್ ಆಗಬೇಕಿದ್ದ ರುಕಾವಿಷ್ನಿಕೋವ್ ಮುಂದೆ ಅಸ್ವಸ್ಥರಾದಾಗ ಆ ಜಾಗಕ್ಕೆ ಬಂದವರು ಇದೇ ಸ್ಟ್ರೆಕಾಲೋವ್! ಸಾವನ್ನು ಅಷ್ಟು ಹತ್ತಿರದಿಂದ ಕಂಡ ಮನುಷ್ಯ ಆರೇ ತಿಂಗಳಲ್ಲಿ ಮತ್ತೆ ಅದೇ ಬೈಕನೂರಿನಿಂದ ಹೊರಟರು, ಈ ಸಲ ಒಬ್ಬ ಭಾರತೀಯನ ಪಕ್ಕದಲ್ಲಿ ಕುಳಿತು.

1984ರ ಏಪ್ರಿಲ್ 3. ಕಮಾಂಡರ್ ಯೂರಿ ಮಾಲಿಷೇವ್, ಸ್ಟ್ರೆಕಾಲೋವ್ ಮತ್ತು ಶರ್ಮಾ ಇದ್ದ ಸೋಯುಜ್ ಟಿ-11 ಮೇಲೇರಿತು. ಮರುದಿನ ಸಾಲ್ಯುತ್-7 ನಿಲ್ದಾಣವನ್ನು ಸೇರಿತು. ಅಲ್ಲಿ ಮೊದಲೇ ಮೂವರು ಇದ್ದರು. ಬಂದ ನೆಂಟರ ಬುತ್ತಿಯಲ್ಲಿ ರವೆ ಹಲ್ವ, ಆಲೂ ಛೋಲೆ, ತರಕಾರಿ ಪಲಾವ್ ಇದ್ದವು. ಅಂತರಿಕ್ಷದ ಆ ಬುತ್ತಿ ಸಿದ್ಧವಾದದ್ದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ ನೆರವಿನಿಂದ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿಯಲ್ಲವೇ?

ಅಲ್ಲಿ ಶರ್ಮಾ ಬರೀ ಅತಿಥಿಯಾಗಿರಲಿಲ್ಲ. ತೂಕವಿಲ್ಲದ ಸ್ಥಿತಿಯಲ್ಲಿ ದೇಹಕ್ಕೆ ಏನಾಗುತ್ತದೆಂದು ತಿಳಿಯಲು ಯೋಗಾಸನ ಮಾಡಿದರು. ಆರು ಮಸೂರಗಳ ದೊಡ್ಡ ಕ್ಯಾಮೆರಾದಿಂದ ಭಾರತದ ನೆಲವನ್ನು ಸೆರೆಹಿಡಿದರು. ಒಂದೊಂದು ಮಸೂರ ಬೆಳಕಿನ ಒಂದೊಂದು ಬಣ್ಣವನ್ನು ಬೇರೆಯಾಗಿ ಹಿಡಿಯುತ್ತಿತ್ತು. ಬೆಳೆ, ನೀರು, ಬಂಡೆ, ಬರಡು ನೆಲ ಒಂದೊಂದೂ ಬೆಳಕನ್ನು ಬೇರೆ ಬೇರೆ ಬಗೆಯಲ್ಲಿ ಹಿಂತಿರುಗಿಸುವುದರಿಂದ, ಈ ಚಿತ್ರಗಳನ್ನು ಹೋಲಿಸಿದರೆ ಎಲ್ಲಿ ಏನಿದೆ ಎಂದು ಗುರುತಿಸಬಹುದು. ಈ ಬಗೆಯ ಚಿತ್ರಗಳನ್ನು ಓದುವ ಕೆಲಸ ನಮ್ಮದೇ ಊರಿನ ಬಾಲಾನಗರದ ದೂರಸಂವೇದಿ ಕೇಂದ್ರದಲ್ಲಿ ನಡೆಯುತ್ತದೆ. ನಾಲ್ಕು ವರ್ಷಗಳ ನಂತರ, 1988ರ ಮಾರ್ಚ್ 17ರಂದು, ಬೆಂಗಳೂರಿನಲ್ಲಿ ಸಿದ್ಧವಾದ ಐ.ಆರ್.ಎಸ್-1ಎ ಉಪಗ್ರಹ ಅದೇ ಬೈಕನೂರಿನಿಂದ ಏರಿತು. ಅದು ಕಳಿಸಿದ ಚಿತ್ರಗಳು ಇಳಿದದ್ದು ಹೈದರಾಬಾದಿನ ಪಕ್ಕದ ಶಾದ್‌ನಗರದಲ್ಲಿ. ಮನುಷ್ಯ ಕ್ಯಾಮೆರಾ ಹಿಡಿದು ಮಾಡಿದ ಕೆಲಸವನ್ನು ಯಂತ್ರ ಹಗಲೆಲ್ಲ ಮಾಡತೊಡಗಿತು.

7 ದಿನ 21 ಗಂಟೆ 40 ನಿಮಿಷಗಳ ಯಾತ್ರೆ ಮುಗಿಸಿ ಏಪ್ರಿಲ್ 11ರಂದು ಮೂವರೂ ಕಜಕಸ್ತಾನದ ಬಯಲಿಗೆ ಇಳಿದರು. ಅವರು ಮರಳಿದ್ದು ನಿಲ್ದಾಣದಲ್ಲಿದ್ದ ಹಳೆಯ ನೌಕೆಯಲ್ಲಿ. ಹೊಸದನ್ನು ಅಲ್ಲಿನ ಮೂವರಿಗೆ ಬಿಟ್ಟುಬಂದರು. ಮೂವರಿಗೂ ಅಶೋಕ ಚಕ್ರ ಸಂದಿತು, ಮಲ್ಹೋತ್ರಾ ಅವರಿಗೆ ಕೀರ್ತಿ ಚಕ್ರ. ಶರ್ಮಾ ಮುಂದೆ ಎಚ್.ಎ.ಎಲ್‌ನಲ್ಲಿ ಪರೀಕ್ಷಾ ಪೈಲಟ್ ಆಗಿ ನಾಸಿಕ್, ಬೆಂಗಳೂರುಗಳಲ್ಲಿ ದುಡಿದರು.

ಆಮೇಲೆ ದೀರ್ಘ ಮೌನ. ಭಾರತದ ಎರಡನೆಯ ಗಗನಯಾತ್ರಿ ಶುಭಾಂಶು ಶುಕ್ಲಾ ಮೇಲೇರಿದ್ದು 2025ರ ಜೂನ್ 25ರಂದು, ಅಂದರೆ 41 ವರ್ಷ ಕಳೆದ ಮೇಲೆ! ಆಗಲೂ ಅವರಷ್ಟೇ ತಯಾರಾಗಿ ನೆಲದಲ್ಲೇ ಉಳಿದ ಒಬ್ಬರಿದ್ದರು, ಪ್ರಶಾಂತ್ ನಾಯರ್. ಮೊದಲಿಗರನ್ನು ನೆನೆಯುವಾಗ ಮಲ್ಹೋತ್ರಾ, ನಾಯರ್ ಅವರಂಥವರನ್ನೂ ನೆನೆಯಬೇಕು. ರಾಕೆಟ್ ಹೊರಡುವ ಕೊನೆಯ ಗಳಿಗೆಯವರೆಗೂ ಆ ಸೀಟು ಅವರದೂ ಆಗಬಹುದಾಗಿತ್ತು.